ನಲವತ್ತೇಳು ಬಾಣ, ಒಂದು ಕುರ್ಚಿ

ಇಪ್ಪತ್ತೆರಡು ಬೇಸಿಗೆಗಳಲ್ಲಿ ಬಾಣದಣ್ಣ ಆ ಶಿಖರವನ್ನು ಇಪ್ಪತ್ತೆರಡು ಸಲ ಗೆದ್ದಿದ್ದ. ಶಿಖರಕ್ಕೆ ಅದರ ಪರಿವೆಯೇ ಇರಲಿಲ್ಲ. ಅವನ ಮಂಡಿಗೆ ಮಾತ್ರ ಒಂದೊಂದು ಸಲವೂ ಚೆನ್ನಾಗಿ ನೆನಪಿತ್ತು.

ಅವನೇನು ಪರ್ವತಾರೋಹಿಯಲ್ಲ, ಬೆಟ್ಟದ ಕಾಲುದಾರಿಗಳನ್ನು ನೋಡಿಕೊಳ್ಳುವ ಕಚೇರಿಯ ಪೇಂಟರು. ಬಂಡೆಗಳ ಮೇಲೆ ದಾರಿ ತೋರಿಸುವ ಹಳದಿ ಬಾಣಗಳನ್ನು ಚಳಿಗಾಲದ ಹಿಮ ಕೆರೆದು ಕೆರೆದು ಬರೀ ಕಲೆ ಮಾಡಿಡುತ್ತಿತ್ತು. ಬೇಸಿಗೆಯಲ್ಲಿ ದಾರಿ ತೆರೆಯುವ ಮೊದಲು ಇವನು ಬಣ್ಣದ ಡಬ್ಬ ಹೊತ್ತು ಹೋಗಿ, ನಲವತ್ತೇಳು ಬಂಡೆಗಳ ಮೇಲೆ ನಲವತ್ತೇಳು ಹೊಸ ಬಾಣ ಬರೆದು ಬರಬೇಕು. ಹೆಸರು ಬಂದದ್ದು ಹಾಗೆ. ಹೆಂಡತಿಯೂ ಜಗಳವಾಡುವಾಗ ಅದೇ ಹೆಸರಿನಿಂದ ಕರೆಯುತ್ತಿದ್ದಳು.

ಈ ವರ್ಷ ಯುದ್ಧದ ಕೊನೆಗೆ ಒಂದು ಸಿಂಹಾಸನವಿತ್ತು. ಕಚೇರಿಯ ಉಗ್ರಾಣದ ಮುದುಕ ನಿವೃತ್ತನಾಗಿ ಅವನ ಕುರ್ಚಿ ಖಾಲಿ ಬಿದ್ದಿತ್ತು. ಕುರ್ಚಿಗೆ ಬೆನ್ನಿತ್ತು, ಎರಡು ಕೈಗಳಿದ್ದವು, ಮೇಲೊಂದು ಫ್ಯಾನು ತಿರುಗುತ್ತಿತ್ತು. ಇಡೀ ದಿನ ಮಾಡಬೇಕಾದ ಕೆಲಸವೆಂದರೆ ಹಗ್ಗ, ಸನಿಕೆ ಕೇಳಿ ಬಂದವರಿಗೆ "ಮುಗಿದಿದೆ" ಅನ್ನುವುದು.

"ಶನಿವಾರ ದಾರಿ ತೆರೀತೀವಿ," ಎಂದಿದ್ದರು ಸಾಹೇಬರು. "ಅಷ್ಟರೊಳಗೆ ಬಾಣ ಎಲ್ಲಾ ಸರಿಯಾಗಿ ಬಿದ್ದಿದ್ರೆ ಕುರ್ಚಿ ನಿಂದು. ಒಂದು ತಪ್ಪಿದ್ರೂ ಜೀಪ್ ಡ್ರೈವರಿಗೆ ಕೊಡ್ತೀನಿ. ಅವನೂ ಸೊಂಟ ಹಿಡ್ಕೊಂಡು ಓಡಾಡ್ತಿದಾನೆ."

ಸುದ್ದಿ ಕೇಳಿದ ದಿನವೇ ಹೆಂಡತಿ ಹಳೆಯ ಸ್ವೆಟರೊಂದನ್ನು ಕತ್ತರಿಸಿ ಕುರ್ಚಿಗೆ ದಿಂಬು ಹೊಲಿಯಲು ಕೂತಳು.

"ಸಾಹೇಬರ ಸಹಿ ಆಗ್ಲಿ ತಡಿಯೇ."

"ಸಹಿಗೆ ಒಂದು ನಿಮಿಷ ಸಾಕು. ದಿಂಬಿಗೆ ನಾಲ್ಕು ದಿನ ಬೇಕು."

ಗುರುವಾರ ಬೆಳಿಗ್ಗೆ ದಂಡಯಾತ್ರೆ ಹೊರಟಿತು: ಒಬ್ಬ ಸೇನಾಪತಿ, ಒಂದು ಡಬ್ಬ ಬಣ್ಣ, ಎರಡು ಬ್ರಷ್ಷು, ಮುಲಾಮು ಹಚ್ಚಿದ ಮಂಡಿ ಒಂದು, ಹಚ್ಚದ ಮಂಡಿ ಇನ್ನೊಂದು. ಪ್ರತಿ ವರ್ಷ ಅವನು ಹತ್ತುತ್ತಾ ಬರೆಯುತ್ತಿದ್ದ. ಪ್ರತಿ ಬಂಡೆಯ ಮುಂದೆ ಕೂತು ಏಳುವಷ್ಟರಲ್ಲಿ ಜೀವ ಬಾಯಿಗೆ ಬರುತ್ತಿತ್ತು. ಈ ಸಲ ಹೊಸ ವ್ಯೂಹ ರಚಿಸಿದ್ದ. ತಂಪು ಹೊತ್ತಿನಲ್ಲಿ ಸುಮ್ಮನೆ ಹತ್ತಿಬಿಡುವುದು, ಇಬ್ಬನಿ ಆರಿದ ಮೇಲೆ ಇಳಿಯುತ್ತಾ ಬರೆಯುವುದು. ಮಂಡಿಗಳೆರಡೂ ಒಮ್ಮತದಿಂದ ಒಪ್ಪಿದವು.

ಕಾಡು ಮುಗಿದಲ್ಲಿಂದ ಬೆಟ್ಟದ ಏಣು ಶುರುವಾಗುತ್ತದೆ. ಎರಡೂ ಕಡೆ ಪ್ರಪಾತ, ನಡುವೆ ಬರೀ ಕಲ್ಲಿನ ಬೆನ್ನು, ತಲೆಗೆ ಅಂಗೈಯಗಲದ ನೆರಳೂ ಇಲ್ಲ. ಬಿಸಿಲು ಮೇಲಿನಿಂದ ಸುಟ್ಟಿದ್ದು ಸಾಲದೆಂದು ಬಂಡೆಗಳು ಕೆಳಗಿನಿಂದ ಬೇಯಿಸಿದವು. ಇದೇ ತುದಿ ಅಂದುಕೊಂಡು ಹತ್ತಿದರೆ ಅದರಾಚೆ ಇನ್ನೊಂದು ಗುಡ್ಡ ನಿಂತಿರುತ್ತಿತ್ತು, ಸಾಲ ಕೇಳಲು ಬಂದ ನೆಂಟನ ಹಾಗೆ. ಮೂರನೆಯ ಗುಡ್ಡದ ಬಳಿ ದಾರಿ ಕವಲೊಡೆಯುತ್ತದೆ. ಒಂದು ಕವಲು ಶಿಖರದ್ದು, ಇನ್ನೊಂದು ಕಡಿದಾದ ಬಂಡೆಯ ಅಂಚಿಗೆ ಹೋಗಿ ಸುಮ್ಮನೆ ನಿಲ್ಲುತ್ತದೆ.

ಹನ್ನೊಂದಕ್ಕೆ ಶಿಖರ ಮುಟ್ಟಿ, ನೋಟ ನೋಡುವ ಗೋಜಿಗೂ ಹೋಗದೆ, ಕಣ್ಣು ಮುಚ್ಚಿ ಮಲಗಿದ. ಆಮೇಲೆ ಇಳಿಯುತ್ತಾ ಬರೆದ. ಮುಖ ಇರುವ ಕಡೆಗೆ ಬಾಣ, ಅದು ಅವನ ಕೈಗೆ ಇಪ್ಪತ್ತೆರಡು ವರ್ಷದ ಅಭ್ಯಾಸ. ಸಂಜೆ ನಲವತ್ತೇಳನೆಯ ಬಾಣ ಮುಗಿಸಿ ಕೆಳಗಿನ ಗೇಟಿಗೆ ಬಂದಾಗ, ಅಲ್ಲಿ ಕಟ್ಟೆಯ ಮೇಲೆ ಊರಿನ ನಿವೃತ್ತ ಹೆಡ್‌ಮಾಸ್ಟರು ಕೋಲು ಹಿಡಿದು ಕೂತಿದ್ದರು.

"ದಾರಿ ತೆರೆಯೋಕೆ ಮುಂಚೆ ನಾಲ್ಕು ಹೆಜ್ಜೆ ಹತ್ತೋಣ ಅಂತ ಬಂದಿದ್ದೆನಪ್ಪಾ," ಎಂದರು. "ಇಲ್ಲಿಂದ ಕಾಣೋ ಮೊದಲನೇ ಬಂಡೇಲೇ ನಿನ್ನ ಬಾಣ ಮನೆಗೆ ಹೋಗು ಅಂತು. ಇಲ್ಲೇ ಕೂತೆ."

"ಏನು ಸಾರ್ ಹಾಗಂದ್ರೆ?"

"ನೀನೇ ನೋಡು. ಬಾಣದ ಮೂತಿ ಬಸ್ ಸ್ಟ್ಯಾಂಡ್ ಕಡೆಗಿದೆ."

ಬಾಣದಣ್ಣ ತಿರುಗಿ ನೋಡಿದ. ಅದೊಂದೇ ಅಲ್ಲ. ನಲವತ್ತೇಳು ಬಾಣಗಳೂ ಶಿಖರಕ್ಕೆ ಬೆನ್ನು ಹಾಕಿ, ಸೋತ ಸೈನ್ಯದಂತೆ ಕೆಳಕ್ಕೆ ಓಡುತ್ತಿದ್ದವು.

"ಯಾರಿಗೂ ಹೇಳ್ಬೇಡಿ ಸಾರ್."

"ನಾನು ಯಾಕಪ್ಪಾ ಹೇಳ್ಲಿ? ಬಾಣಾನೇ ಹೇಳ್ತಿದೆಯಲ್ಲ."

ಶುಕ್ರವಾರ ಬೆಳಿಗ್ಗೆ ಮತ್ತೆ ಹೊರಟ. ಮಂಡಿಗಳು ಈ ಸಲ ಯಾವ ಒಪ್ಪಿಗೆಯನ್ನೂ ಕೊಟ್ಟಿರಲಿಲ್ಲ. ಡಬ್ಬದ ತಳದಲ್ಲಿ ಉಳಿದ ಬಣ್ಣ ನಲವತ್ತೇಳು ಬಾಣಕ್ಕೆ ಏನೇನೂ ಸಾಲದು. ಮೊದಲ ಬಂಡೆಯ ಬಾಣವನ್ನು ಸೀಮೆಎಣ್ಣೆ ಬಟ್ಟೆಯಿಂದ ಉಜ್ಜಿದ. ಅದು ಅಳಿಯುವ ಬದಲು ಅಂಚಿನಲ್ಲಿ ಹರಡಿ, ಮೊಟ್ಟೆ ಒಡೆದ ಹಾಗಾಯಿತು. ಬೆನ್ನು ನೆಟ್ಟಗಾಗಲಿಲ್ಲ, ಕಣ್ಣು ಕತ್ತಲಿಟ್ಟಿತು, ಬಂಡೆಗೆ ಒರಗಿ ಕೂತುಬಿಟ್ಟ. ಇನ್ನು ಉಜ್ಜುವ ಶಕ್ತಿಯಿಲ್ಲ. ಬ್ರಷ್ಷಿನ ತುದಿಯಲ್ಲಿ ಎರಡು ಗೀಟು ಎಳೆಯುವಷ್ಟು ಬಣ್ಣವಿದೆ. ಹಾಗಾಗಿ ಎರಡೇ ಗೀಟು ಎಳೆದ. ಬಾಣದ ಬಾಲಕ್ಕೆ ಇನ್ನೊಂದು ಮೂತಿ ಹುಟ್ಟಿತು. ಈಗದು ಮೇಲಕ್ಕೂ ಹೋಗುತ್ತಿತ್ತು, ಕೆಳಕ್ಕೂ ಬರುತ್ತಿತ್ತು.

ಬಿಸಿಲು, ಕಲ್ಲು, ಬಾಣಕ್ಕೆರಡು ಗೀಟು, ಗುಡ್ಡ, ಅದರಾಚೆಗೆ ಇನ್ನೊಂದು ಗುಡ್ಡ. ಕೊನೆಯ ಏರನ್ನು ನಾಲ್ಕು ಕಾಲಲ್ಲಿ ಏರಿದ. ಎರಡು ದಿನದಲ್ಲಿ ಎರಡು ಸಲ ಶಿಖರ ಗೆದ್ದ ದಾಖಲೆಯನ್ನು ನೋಡಲು ಒಂದು ಹಲ್ಲಿ ಮಾತ್ರ ಇತ್ತು. ಅದೂ ಬೇಸರದಿಂದ ಬಿರುಕಿಗೆ ನುಸುಳಿತು.

ಶನಿವಾರ ಸಾಹೇಬರು ಮೂರನೆಯ ಗುಡ್ಡದವರೆಗೆ ಹತ್ತಿ, ಮಧ್ಯಾಹ್ನ ಏದುಸಿರು ಬಿಡುತ್ತಾ ಕಚೇರಿಗೆ ಬಂದರು. ಬಾಣದಣ್ಣ ಮೇಜಿನ ಮುಂದೆ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದ.

"ಎರಡು ಮೂತಿ ಯಾರ ತಲೆಗೆ ಹೊಳೆದಿದ್ದು?"

"ನಂಗೇ ಸಾರ್. ತಪ್ಪಾಯ್ತು."

"ತಪ್ಪೇನು ಬಂತು? ಹೋದ ವರ್ಷ ಮಂಜಿನಲ್ಲಿ ಇಳಿಯೋರು ಆ ಕವಲಲ್ಲಿ ದಾರಿ ತಪ್ಪಿ ಒದ್ದಾಡಿದ್ರು. ಹತ್ತೋರಿಗೆ ಮಾತ್ರ ಬಾಣ ಬರೀತಿದ್ವಿ, ಇಳಿಯೋರ ಯೋಚನೆ ಇಷ್ಟು ವರ್ಷ ಯಾರಿಗೂ ಬರ್ಲಿಲ್ಲ. ಇಂಥ ತಲೇನ ಉಗ್ರಾಣದಲ್ಲಿ ಕೂರಿಸಿ ಹಾಳು ಮಾಡ್ಲಾ? ಉಳಿದ ಮೂರು ಬೆಟ್ಟಾನೂ ಇನ್ಮೇಲೆ ನಿನ್ನ ಸುಪರ್ದಿಗೆ."

ಕುರ್ಚಿಯ ಮೇಲೆ ಡ್ರೈವರ್ ಆಗಲೇ ಕೂತಿದ್ದ. ಫ್ಯಾನೂ ತಿರುಗುತ್ತಿತ್ತು.

ಮನೆಗೆ ಬಂದು ಎಲ್ಲವನ್ನೂ ಹೇಳಿದ. ಹೆಂಡತಿ ದಿಂಬಿನ ಕೊನೆಯ ಹೊಲಿಗೆ ಹಾಕಿ, ದಾರವನ್ನು ಹಲ್ಲಿನಿಂದ ಕಡಿದಳು. ಒಂದು ಗಳಿಗೆ ಅವನ ಊದಿದ ಮಂಡಿಯನ್ನೇ ನೋಡಿದಳು. ಆಮೇಲೆ ಎದ್ದು ಹೋಗಿ, ಗೂಟಕ್ಕೆ ನೇತುಹಾಕಿದ್ದ ಅವನ ಬೆಟ್ಟದ ಚೀಲದೊಳಗೆ ದಿಂಬನ್ನು ತುರುಕಿದಳು.

"ಅಲ್ಲೂ ಕಲ್ಲಿನ ಮೇಲೆ ತಾನೇ ಕೂರೋದು," ಎಂದಳು.