ಗ್ಯಾಸ್ ಸ್ಟೇಷನ್ನಿನ ಹೆವಿವೇಯ್ಟ್

ಹೋದ ಶನಿವಾರ ಮಗಳ ಸೈಕಲ್ಲಿನ ಚೈನು ಕಳಚಿಕೊಂಡಿತ್ತು. ಸರಿಮಾಡಿ ಏಳುವಷ್ಟರಲ್ಲಿ ನನ್ನ ಎರಡೂ ಕೈಗೆ ಗ್ರೀಸು ಮೆತ್ತಿತ್ತು. ಪಕ್ಕದ ಮನೆಯಾತ ತನ್ನ ಗರಾಜಿನಿಂದ ಒಂದು ಡಬ್ಬಿ ತಂದುಕೊಟ್ಟ. ಮೆಕ್ಯಾನಿಕ್‌ಗಳು ಕೈ ತೊಳೆಯಲು ಬಳಸುವ ಪೇಸ್ಟು ಅದು. ಬೆರಳಿಗೆ ಮರಳು ಮರಳಾಗಿ ಸಿಗುತ್ತದೆ, ಕಿತ್ತಳೆ ಸಿಪ್ಪೆಯ ವಾಸನೆ. ಮುಚ್ಚಳ ತೆಗೆದೆ, ಅಷ್ಟೆ... ಡ್ರೈವ್‌ವೇ ಮೇಲೆ ಹಾಗೇ ಕುಸಿದು ಕೂತೆ.

“ಅಮ್ಮಾ, ಆರ್ ಯು ಓಕೆ? ಯಾಕೆ ಕೂತ್ಕೊಂಡೆ?” ಎಂದಳು ಮಗಳು. ಅವಳಿಗೀಗ ಎಂಟು ವರ್ಷ. ಆ ವಾಸನೆಯ ಮನುಷ್ಯ ಅವಳಿಗೆ ನೆನಪಿಲ್ಲ. ಅವರಿಗೆ ‘ಗ್ಯಾಸ್ ಅಂಕಲ್’ ಎಂದು ಹೆಸರಿಟ್ಟವಳು ಮಾತ್ರ ಅವಳೇ.

ಆಗ ನಾವು ನಾರ್ತ್ ಕೆರೊಲೈನಾದ ಈ ಡರ್ಹಮ್‌ಗೆ ಬಂದಿರಲಿಲ್ಲ. ವಾಷಿಂಗ್ಟನ್ನಿನ ಹೊರಗೆ, ವರ್ಜೀನಿಯಾದ ಕಡೆ, ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನನ್ನ ಗಂಡನಿಗೆ ಅಟ್ಲಾಂಟಾದಲ್ಲಿ ಪ್ರಾಜೆಕ್ಟು. ಸೋಮವಾರ ಬೆಳಿಗ್ಗೆ ವಿಮಾನ ಹತ್ತಿದರೆ ಗುರುವಾರ ವಾಪಸ್ಸು. ಎರಡು ವರ್ಷದ ಮಗುವನ್ನು ಡೇಕೇರಿಗೆ ಬಿಟ್ಟು ನಾನು ಆಫೀಸಿಗೆ ಓಡುತ್ತಿದ್ದೆ. ನಮ್ಮ ಹಳೇ ಕಾರು ತಿಂಗಳಿಗೊಮ್ಮೆಯಾದರೂ ಕೈಕೊಡುತ್ತಿತ್ತು. ಡೇಕೇರಿನ ದಾರಿಯಲ್ಲಿ ಎರಡೇ ಪಂಪುಗಳಿದ್ದ ಒಂದು ಹಳೆಯ ಗ್ಯಾಸ್ ಸ್ಟೇಷನ್ನು (ಇಲ್ಲಿ ಪೆಟ್ರೋಲಿಗೆ ಗ್ಯಾಸ್ ಎನ್ನುತ್ತಾರೆ), ಅದಕ್ಕೆ ಅಂಟಿಕೊಂಡ ರಿಪೇರಿ ಗರಾಜು. ಅಲ್ಲಿ ಕೆಲಸಕ್ಕಿದ್ದವರು ಅವರು. ವಯಸ್ಸು ಐವತ್ತು ದಾಟಿತ್ತು. ಬಾಗಿಲಲ್ಲಿ ತಲೆ ತಗ್ಗಿಸಿಯೇ ಬರಬೇಕಾದಷ್ಟು ಎತ್ತರ. ಬಾನೆಟ್ಟಿನ ಮೇಲೆ ಬಗ್ಗಿದರೆ ಇಂಜಿನ್ನೇ ಕಾಣುತ್ತಿರಲಿಲ್ಲ. ಮೊದಲ ದಿನ ಅವರು ನನ್ನ ಕಡೆ ನಡೆದು ಬರುವುದನ್ನು ಕಂಡು ಕಾರಿನ ಬಾಗಿಲು ಲಾಕ್ ಮಾಡಿಕೊಂಡಿದ್ದೆ. ಲಾಕಿನ ಸದ್ದು ಅವರಿಗೂ ಕೇಳಿಸಿರಬೇಕು. ಕಿಟಕಿಯ ಹೊರಗೆ ನಿಂತು ‘ಕೇಮ್ ಛೋ’ ಎಂದರು.

ಉಗಾಂಡಾದವರು. ಚಿಕ್ಕಂದಿನಲ್ಲಿ ಊರಿನ ಗುಜರಾತಿ ಅಂಗಡಿಯಿಂದ ಸೀಮೆಎಣ್ಣೆ ತರುವಾಗ ಕಲಿತ ‘ಹೇಗಿದ್ದೀರಿ’ಯಂತೆ ಅದು. ನನ್ನದು ಗುಜರಾತಿಯಲ್ಲ, ಮೈಸೂರಿನ ಕನ್ನಡ ಎಂದು ಎಷ್ಟು ಸಲ ಹೇಳಿದರೂ ಅವರ ಕೇಮ್ ಛೋ ನಿಲ್ಲಲಿಲ್ಲ.

ಗರಾಜಿನ ಗೋಡೆಯಲ್ಲಿ, ನೇತುಹಾಕಿದ ಫ್ಯಾನ್ ಬೆಲ್ಟುಗಳ ಹಿಂದೆ, ಒಂದು ಫೋಟೋ ಅರ್ಧ ಮುಚ್ಚಿಹೋಗಿತ್ತು. ಬಾಕ್ಸಿಂಗ್ ರಿಂಗಿನ ಮೂಲೆಯಲ್ಲಿ ನಿಂತ ನೀಳ ಯುವಕ. ಮುಖದ ಮೇಲೆ ಒಂದು ಗಾಯವೂ ಇಲ್ಲ. ಇದು ನೀವಾ ಎಂದು ಕೇಳಿದೆ. ಆಮೇಲೆ ಕಾರು ಕೆಟ್ಟಾಗಲೆಲ್ಲ, ಮಗು ಹಳೇ ಟೈರಿನ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿರುವಾಗ, ಅವರ ಕಥೆ ತುಂಡುತುಂಡಾಗಿ ಸಿಕ್ಕಿತು.

ಹೆವಿವೇಯ್ಟ್ ಎಂದರೆ ಹೊಡೆದು ಕೆಡವುವವನು, ಇಲ್ಲವೇ ಹೊಡೆಸಿಕೊಂಡು ಬೀಳುವವನು. ಜನ ನೋಡಲು ಬರುವುದು ಇವೆರಡನ್ನೇ. ಇವರು ಎರಡನ್ನೂ ಮಾಡುತ್ತಿರಲಿಲ್ಲ. ಉದ್ದನೆಯ ಎಡಗೈ ಮುಂದಿಟ್ಟುಕೊಂಡು ಹಿಂದೆ ಹಿಂದೆ ಸರಿಯುತ್ತ, ಎದುರಾಳಿಯ ಹೊಡೆತಗಳನ್ನೆಲ್ಲ ಗಾಳಿಪಾಲು ಮಾಡಿ, ಪಾಯಿಂಟುಗಳ ಮೇಲೆ ಗೆಲ್ಲುತ್ತಿದ್ದರು. ಜನ ಕೂಗಿ ಅವಮಾನ ಮಾಡುತ್ತಿದ್ದರು. ಪೇಪರಿನವರು ಹೇಡಿ ಎಂದು ಬರೆದರು, ನಿದ್ದೆ ಗುಳಿಗೆ ಎಂದೂ ಬರೆದರು. ಪೋಸ್ಟರುಗಳಲ್ಲಿ ಅವರ ದೇಶ ಒಮ್ಮೆ ನೈಜೀರಿಯಾ, ಇನ್ನೊಮ್ಮೆ ಬರೀ ಆಫ್ರಿಕಾ. ಚಿರತೆ ಚರ್ಮ ಹೊದ್ದು ರಿಂಗಿಗೆ ಬಾ ಎಂದ ಮ್ಯಾನೇಜರನಿಗೆ, ನಾನು ಬಾಕ್ಸಿಂಗ್ ಕಲಿತದ್ದು ಪೊಲೀಸ್ ಬ್ಯಾಂಡಿನವರ ಪಕ್ಕದ ಕೋಣೆಯಲ್ಲಿ, ಚಿರತೆಯನ್ನು ಮೊದಲು ನೋಡಿದ್ದು ನಿಮ್ಮ ಅಮೆರಿಕದ ಝೂನಲ್ಲಿ ಎಂದರಂತೆ.

ಹೆಸರಿದ್ದ ಬಾಕ್ಸರುಗಳು ಅವರೆದುರು ಇಳಿಯಲು ಒಪ್ಪುತ್ತಿರಲಿಲ್ಲ. ಗೆದ್ದರೂ ಪೆದ್ದರ ಹಾಗೆ ಕಾಣುತ್ತೇವೆಂಬ ಭಯ. ವಯಸ್ಸಾಗುತ್ತ ಬಂದ ಮೇಲೆ, ಅಟ್ಲಾಂಟಾದಲ್ಲಿ, ಕೆರೊಲೈನಾದ ಊರುಗಳಲ್ಲಿ, ಮೇಲೇರುತ್ತಿದ್ದ ಹೊಸಬರ ಕೈಲಿ ಸೋಲಲೆಂದೇ ಅವರನ್ನು ಕರೆಸತೊಡಗಿದರು. ಅಲ್ಲೂ ಅವರಿಂದ ಉಪಯೋಗವಾಗಲಿಲ್ಲ... ಸೋಲುತ್ತಿದ್ದರು, ಆದರೆ ಬೀಳುತ್ತಿರಲಿಲ್ಲ. ಬೀಳದವನನ್ನು ಸೋಲಿಸಿದರೆ ಯಾರಿಗೂ ಹೆಸರು ಬರುವುದಿಲ್ಲ. ಕೊನೆಗೆ ಅಟ್ಲಾಂಟಾದ ಒಬ್ಬ ಸಂಘಟಕ, ನಾಲ್ಕನೇ ಸುತ್ತಿನಲ್ಲಿ ಒಂದೇ ಒಂದು ಸಲ ಮಂಡಿಯೂರು, ಸಾಕು ಎಂದು ಬೇಡಿಕೊಂಡ. ಇವರು ಹತ್ತು ಸುತ್ತೂ ನಿಂತೇ ಇದ್ದರು. ಆಮೇಲೆ ಯಾರೂ ಕರೆಯಲಿಲ್ಲ.

“ನನ್ನ ಹತ್ತಿರ ಚಾಂಪಿಯನ್ ಬೆಲ್ಟ್ ಇಲ್ಲ, ವಿಡಿಯೋ ಇಲ್ಲ,” ಎಂದಿದ್ದರು ಒಮ್ಮೆ. “ನನ್ನ ಮಂಡಿ ಮಾತ್ರ ಯಾವತ್ತೂ ನೆಲ ಮುಟ್ಟಿಲ್ಲ. ಅದೊಂದು ನಂದು.” ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು, ಇಲ್ಲಿರುವ ಕನ್ನಡ ನನ್ನದು.

ಆಮೇಲೆ 2002ರ ಆ ಅಕ್ಟೋಬರ್ ಬಂತು. ವಾಷಿಂಗ್ಟನ್ನಿನ ಸುತ್ತಮುತ್ತ ಯಾರೋ ಎಲ್ಲೋ ಮರೆಯಲ್ಲಿ ನಿಂತು ಗುಂಡು ಹಾರಿಸುತ್ತಿದ್ದರು. ಗ್ಯಾಸ್ ತುಂಬಿಸುತ್ತಿದ್ದವರು, ಅಂಗಡಿಯಿಂದ ಹೊರಬಂದವರು, ಬಸ್ಸಿಗೆ ಕಾದವರು ಸತ್ತರು. ಯಾಕೆಂದು ಯಾರಿಗೂ ತಿಳಿಯದು. ಮೂರು ವಾರ ನಾವೆಲ್ಲ ಬೋನಿನಲ್ಲಿದ್ದಂತೆ ಇದ್ದೆವು. ಡೇಕೇರಿನ ಕಿಟಕಿಗಳಿಗೆ ಕಾಗದ ಅಂಟಿಸಿದರು. ಬಿಳಿ ವ್ಯಾನ್ ಕಂಡರೆ ತಿಳಿಸಿ ಎಂದು ಟೀವಿಯಲ್ಲಿ ದಿನವೂ ಹೇಳುತ್ತಿದ್ದರು. ಗುರಿ ಸಿಗದ ಹಾಗೆ ಸೊಟ್ಟಸೊಟ್ಟಗೆ ನಡೆಯಿರಿ ಎಂದೂ ಹೇಳಿದರು.

ಅದೇ ವಾರಗಳಲ್ಲಿ ದಸರೆ. ಗೊಂಬೆ ಕೂರಿಸಿದವರ ಮನೆಗೆ ಹೋಗದೆ ಇರುವುದು ಹೇಗೆ? ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು, ಕಂಕುಳಲ್ಲಿ ಮಕ್ಕಳನ್ನು ಅವುಚಿಕೊಂಡು, ನಾವು ನಾಲ್ಕೈದು ಹೆಂಗಸರು ಪಾರ್ಕಿಂಗ್ ಲಾಟಿನಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಡಿದೆವು. “ನಮ್ಮತ್ತೆ ನೋಡಿದ್ರೆ ಖೋ ಖೋ ಆಡ್ತಿದಾರೆ ಅನ್ಕೊಳ್ಳೋರು,” ಎಂದಳು ಒಬ್ಬಳು, ಏದುಸಿರು ಬಿಡುತ್ತ. ಒಳಗೆ ಬಾಗಿಲು ಹಾಕಿಕೊಂಡ ಮೇಲೆ ಎಲ್ಲರಿಗೂ ತಡೆಯಲಾರದ ನಗು. ಭಯಕ್ಕೆ ನಗು ಬರುತ್ತದೆ ಎಂದು ನನಗೆ ತಿಳಿದದ್ದು ಆವತ್ತೇ. ಆ ಮನೆಯ ಯಜಮಾನರು ಒಂದು ಸಣ್ಣ ಪುಸ್ತಕದಲ್ಲಿ ತಾವು ಕಂಡ ಬಿಳಿ ವ್ಯಾನುಗಳ ನಂಬರು ಬರೆದಿಟ್ಟುಕೊಂಡಿದ್ದರು. ಹೆಂಗಸರು ಅವರನ್ನು ರೇಗಿಸುತ್ತಿದ್ದರು. ನಾನೂ ಸೇರಿಕೊಂಡೆ.

“ನಮ್ ಗ್ಯಾಸ್ ಅಂಕಲ್ ಹತ್ರಾನೂ ಒಂದು ಬಿಳಿ ವ್ಯಾನ್ ಇದೆ. ರಿಪೋರ್ಟ್ ಮಾಡ್ಲಾ?”

ಎಲ್ಲರೂ ನಕ್ಕರು. ಯಜಮಾನರು ನಗಲಿಲ್ಲ. “ಯಾವ ಸ್ಟೇಷನ್ನು? ಆ ದೈತ್ಯನ ಥರ ಇದಾನಲ್ಲ, ಅಲ್ಲೇನಾ?”

ಹೂಂ ಎಂದು ಕೋಸಂಬರಿಯ ಬಟ್ಟಲು ಕೈಗೆ ತೆಗೆದುಕೊಂಡೆ.

ಎರಡು ದಿನದ ನಂತರ, ಮಧ್ಯಾಹ್ನ ನಾಲ್ಕರ ಹೊತ್ತಿಗೆ, ಡೇಕೇರಿನಿಂದ ಬರುವಾಗ ಕಾರಿನ ಗ್ಯಾಸ್ ಮುಳ್ಳು ಕೆಂಪಿಗೆ ಬಂದಿತ್ತು. ಅವರು ಪಂಪುಗಳ ಸುತ್ತ, ರಸ್ತೆಯ ಕಡೆಗೆ, ನೀಲಿ ಟಾರ್ಪಾಲು ಕಟ್ಟಿದ್ದರು. ಆ ದಿನಗಳಲ್ಲಿ ಯಾರನ್ನೂ ಕಾರಿನಿಂದ ಇಳಿಯಲು ಬಿಡದೆ ತಾವೇ ಗ್ಯಾಸ್ ತುಂಬುತ್ತಿದ್ದರು. ನಿಮಗೆ ಹೆದರಿಕೆಯಿಲ್ಲವೇ ಎಂದು ಕೇಳಿದ್ದಕ್ಕೆ, ನನ್ನ ಮೇಲೆ ಗುರಿ ಇಟ್ಟವರು ಬಹಳ ಜನ, ಸಿಕ್ಕಿದ್ದು ಕಡಿಮೆ ಎಂದಿದ್ದರು. ಆವತ್ತೂ ನಳಿಕೆಯನ್ನು ಟ್ಯಾಂಕಿಗೆ ಸಿಕ್ಕಿಸಿ, ನನ್ನ ಕಿಟಕಿಗೆ ಬೆನ್ನು ಕೊಟ್ಟು ನಿಂತರು. ಹಿಂದಿನ ಸೀಟಿನಲ್ಲಿ ಮಗು. ಗರಾಜಿನ ಬಿಳಿ ವ್ಯಾನು ಇಪ್ಪತ್ತು ಅಡಿ ಆಚೆ, ಯಾವಾಗಲೂ ಇರುವ ಜಾಗದಲ್ಲೇ ಇತ್ತು.

ಸೈರನ್ ಇಲ್ಲದೆ ಮೂರು ಪೊಲೀಸ್ ಕಾರು ನುಗ್ಗಿ ಬಂದವು. ಬಾಗಿಲುಗಳು ತೆರೆದವು, ಬಾಗಿಲುಗಳ ಹಿಂದಿನಿಂದ ಬಂದೂಕುಗಳು. ಕೈ ಮೇಲೆತ್ತು ಎಂದು ಮೈಕಿನಲ್ಲಿ ಕೂಗಿದರು. ಅವರು ಎತ್ತಿದರು. ನೆಲದ ಮೇಲೆ ಮಲಗು ಎಂದರು.

ಅವರು ಮಲಗಲಿಲ್ಲ.

ಇನ್ನೊಮ್ಮೆ ಕೂಗಿದರು. ನನ್ನ ಕಿಟಕಿಯ ತುಂಬ ಅವರ ನೀಲಿ ಅಂಗಿಯ ಬೆನ್ನು, ಬೇರೇನೂ ಕಾಣುತ್ತಿರಲಿಲ್ಲ. ಗ್ಯಾಸ್ ಟ್ಯಾಂಕಿಗೆ ಇಳಿಯುತ್ತಿದ್ದ ಸದ್ದು ಕೇಳುತ್ತಿತ್ತು. ಒಂದು ಗುಂಡು ಬಿದ್ದರೂ ಅವರು, ಕಾರು, ಮಗು... ನಾನು ಸೀಟುಗಳ ನಡುವೆ ತೂರಿಕೊಂಡು ಹಿಂದಕ್ಕೆ ಹೋದೆ. ಮಗುವಿನ ಸೀಟಿನ ಪಟ್ಟಿ ಬಿಚ್ಚಿಕೊಳ್ಳಲಿಲ್ಲ. ಅವಳ ಮೇಲೆ ಕವುಚಿ ಬಿದ್ದೆ. ಅವಳು ನನ್ನ ತೋಳಿನ ಸಂದಿಯಿಂದ “ಗ್ಯಾಸ್ ಅಂಕಲ್!” ಎಂದು ಕರೆಯುತ್ತಿದ್ದಳು. ಮೂರನೇ ಸಲ ಕೂಗಿದ ಪೊಲೀಸಿನವನ ದನಿ ನಡುಗುತ್ತಿತ್ತು. ಅವನಿಗೂ ಭಯವಾಗಿದೆ, ಇನ್ನು ತಡವಿಲ್ಲ ಎಂದು ನನಗೆ ಗೊತ್ತಾಯಿತು. ಮುಂದಿನ ಕಿಟಕಿಯ ಗಾಜು ಎರಡು ಬೆರಳಿನಷ್ಟು ಇಳಿದಿತ್ತು.

“ಅಂಕಲ್, ಪ್ಲೀಸ್. ಮಲಗಿಬಿಡಿ,” ಎಂದೆ.

ಕೇಳಿಸಿತೋ ಇಲ್ಲವೋ ಎನ್ನುವಷ್ಟು ಹೊತ್ತು ಬೆನ್ನು ಅಲ್ಲಾಡಲಿಲ್ಲ. ಆಮೇಲೆ, “ಮಗು ತಗ್ಗಿದೆಯಾ?” ಎಂದರು, ತಿರುಗದೆ. ಹೌದು ಎಂದೆ. ಆಗ ಬಲ ಮಂಡಿ ಕೆಳಗಿಟ್ಟರು. ಎಡ ಮಂಡಿ ಇಟ್ಟರು. ಅಂಗೈ, ಆಮೇಲೆ ಎದೆ. ಕಿಟಕಿಯಲ್ಲಿ ನೀಲಿ ಇಳಿಯುತ್ತ ಹೋಗಿ, ಆ ಜಾಗದಲ್ಲಿ ಬಂದೂಕುಗಳು ಕಂಡವು. ಪಂಪು ಟಕ್ಕೆಂದು ನಿಂತಿತು.

ವ್ಯಾನಿನಲ್ಲಿ ಸಿಕ್ಕಿದ್ದು ರೇಡಿಯೇಟರಿನ ಪೈಪುಗಳು, ಒಂದು ಏಣಿ. ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಯಾರೋ ಫೋನ್ ಮಾಡಿ ಸ್ಟೇಷನ್ನಿನ ವಿಳಾಸ, ಆಳಿನ ಗುರುತು ಹೇಳಿದ್ದರು, ಪರೀಕ್ಷಿಸಲೇಬೇಕಿತ್ತು ಎಂದು ಪೊಲೀಸಿನವರು ಕ್ಷಮೆ ಕೇಳಿ ಹೋದರು. ಅವರು ಎದ್ದು, ನಳಿಕೆ ತೆಗೆದು ಪಂಪಿಗೆ ಸಿಕ್ಕಿಸಿ, ಟ್ಯಾಂಕಿನ ಮುಚ್ಚಳ ತಿರುಗಿಸಿದರು. ಪ್ಯಾಂಟಿನ ಮಂಡಿಯ ಮೇಲೆ ಎರಡು ದುಂಡಗಿನ ಎಣ್ಣೆ ಕಲೆ. ಅದನ್ನು ಒರೆಸಿಕೊಳ್ಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಅವರು ಯಾಕೆ ಅಷ್ಟು ಹೊತ್ತು ನಿಂತರು? ತಾವು ಬಗ್ಗಿದರೆ ಬಂದೂಕುಗಳಿಗೆ ನಾವು ಎದುರಾಗುತ್ತೇವೆಂದೇ? ಅಥವಾ ಅಟ್ಲಾಂಟಾದಲ್ಲಿ ನಿಂತ ಹಾಗೆ, ತಮ್ಮದೊಂದೇ ಆಸ್ತಿಯನ್ನು ಬಿಡಲಾರದೆ ನಿಂತರೇ? ಆರು ವರ್ಷದಿಂದ ಮನಸ್ಸಿನಲ್ಲಿ ನಾನು ಆ ಸೀಟುಗಳ ನಡುವೆ ತೂರುತ್ತಲೇ ಇದ್ದೇನೆ. ಮೀಟಿಂಗಿನಲ್ಲಿ, ಸಿಗ್ನಲ್ಲಿನಲ್ಲಿ, ಒಗ್ಗರಣೆ ಹಾಕುವಾಗ. ಕೆಲವು ಸಲ ನನ್ನ ಮಾತು ಬಾಯಿಂದ ಹೊರಡುವುದೇ ಇಲ್ಲ, ಅವರು ನಿಂತೇ ಇರುತ್ತಾರೆ...

ಕೊಲೆಗಾರರು ಸಿಕ್ಕಿಬಿದ್ದರು. ಅವರದು ಬಿಳಿ ವ್ಯಾನೇ ಆಗಿರಲಿಲ್ಲ. ಆ ವಾರವೇ ಧೈರ್ಯ ಮಾಡಿ ಗರಾಜಿಗೆ ಹೋದೆ. ಅವರು ಸಿಂಕಿನ ಬಳಿ ಆ ಪೇಸ್ಟು ಹಚ್ಚಿ ಕೈ ತಿಕ್ಕುತ್ತಿದ್ದರು. ನಮ್ಮ ಮೈಸೂರಿನ ಗರಡಿಯಲ್ಲಿ ಮಂಡಿ, ಎದೆ ಯಾವುದೂ ಲೆಕ್ಕಕ್ಕಿಲ್ಲ, ಬೆನ್ನಿಗೆ ಮಣ್ಣು ಹತ್ತಿದರಷ್ಟೇ ಸೋಲು ಎಂದೆ. ಅವರು ಗಮನವಿಟ್ಟು ಕೇಳಿದರು.

“ಒಳ್ಳೇ ರೂಲು,” ಎಂದರು. “ನಾನು ಆ ಆಟ ಕಲೀಲಿಲ್ಲ.”

ಕೈ ಒರೆಸಿಕೊಳ್ಳುತ್ತ, ಫೋನ್ ಮಾಡಿದವರು ಯಾರಿರಬಹುದು, ಈ ಕಡೆಯವರೇ ಇರಬೇಕು, ನಿನಗೇನಾದರೂ ಗೊತ್ತೇ ಎಂದು ಕೇಳಿದರು. ಕೋಪವೇನೂ ಇರಲಿಲ್ಲ. ಗಿರಾಕಿಗಳ ಮುಖವನ್ನು ಅವರು ಈಗ ಒಬ್ಬೊಬ್ಬರದಾಗಿ ನೋಡುತ್ತಿದ್ದಾರೆಂದು ಮಾತ್ರ ತಿಳಿಯಿತು.

“ಗೊತ್ತಿಲ್ಲ,” ಎಂದೆ.

“ಯಾರೋ ಹೆದರಿದವರು. ಬಿಡು.”

ಮುಂದಿನ ತಿಂಗಳು ಹೋದಾಗ ಗೋಡೆಯಲ್ಲಿ ಫ್ಯಾನ್ ಬೆಲ್ಟುಗಳಷ್ಟೇ ಇದ್ದವು. ದಕ್ಷಿಣದ ಕಡೆ ಎಲ್ಲೋ ಹೋದರು ಎಂದ ಹೊಸ ಕೆಲಸಗಾರ. ಆ ಗೊಂಬೆ ಮನೆಯ ಯಜಮಾನರು ಈಗಲೂ ಹಬ್ಬಕ್ಕೆ ಈಮೇಲ್ ಕಳಿಸುತ್ತಾರೆ. ಫೋನ್ ಮಾಡಿದ್ದು ನೀವೇನಾ ಎಂದು ನಾನು ಕೇಳಿಲ್ಲ. ಕೇಳಿದರೆ ಸ್ಟೇಷನ್ ಹೇಳಿದವರು ಯಾರು ಎಂಬುದೂ ಬರುತ್ತದೆ.

ಮರುವರ್ಷ ಗಂಡನಿಗೆ ರಿಸರ್ಚ್ ಟ್ರಯಾಂಗಲ್ ಪಾರ್ಕಿನಲ್ಲಿ ಕೆಲಸವಾಗಿ ನಾವು ಇಲ್ಲಿಗೆ, ಡರ್ಹಮ್‌ಗೆ ಬಂದೆವು. ಹೋದ ಶನಿವಾರ ಕೈ ತೊಳೆದುಕೊಂಡು, ಮೊದಲ ಸಲ ಅವರ ಹೆಸರನ್ನು ಕಂಪ್ಯೂಟರಿನಲ್ಲಿ ಹುಡುಕಿದೆ. ಹಳೆಯ ಬಾಕ್ಸರುಗಳ ಪಟ್ಟಿಯೊಂದರಲ್ಲಿ ಅವರಿಗೂ ಒಂದು ಪುಟವಿತ್ತು. ಫೋಟೋ ಇರಲಿಲ್ಲ. ಕೆಳಗೆ, ತೀರಿಕೊಂಡ ವರ್ಷ ಮತ್ತು ಊರು. ಹೋದ ವರ್ಷ. ಊರು ನಾರ್ತ್ ಕೆರೊಲೈನಾದ್ದು, ನಮ್ಮ ಮನೆಯಿಂದ ಒಂದೂವರೆ ಗಂಟೆಯ ಡ್ರೈವು.

ನಾಲ್ಕು ವರ್ಷ ಅವರು ಅಷ್ಟು ಹತ್ತಿರದಲ್ಲಿದ್ದಿರಬೇಕು. ಮಗಳನ್ನು ಕರೆದುಕೊಂಡು ಹೋಗಬಹುದಿತ್ತು. ನಿಮ್ಮ ವ್ಯಾನಿನ ಮಾತು ಎತ್ತಿದವಳು ನಾನೇ, ತಮಾಷೆಗೆ ಎತ್ತಿದ್ದೆ ಎಂದು ಹೇಳಬಹುದಿತ್ತು. ಕೇಳಿದ ಮೇಲೆ ಅವರು ನನಗೂ ‘ಬಿಡು’ ಎನ್ನುತ್ತಿದ್ದರೋ, ಸುಮ್ಮನೆ ಬೆನ್ನು ತಿರುಗಿಸುತ್ತಿದ್ದರೋ... ಯಾವುದಾಗಿದ್ದರೂ ಅದು ನನಗೆ ಸಿಗಬೇಕಾಗಿದ್ದದ್ದು. ಈಗ ಕೊಡುವವರಿಲ್ಲ.