ಹನ್ನೊಂದು ಬಸುರಿಯರು

ನ್ತೊಫೇಲಾ ಎಂದರೆ ನಮ್ಮ ಭಾಷೆಯಲ್ಲಿ ‘ಬರೀ ಒಂದು ವಸ್ತು’. ಅವಳಿಗಿಂತ ಮೊದಲು ಹುಟ್ಟಿದ ಎರಡು ಕೂಸುಗಳು ಉಳಿಯಲಿಲ್ಲವೆಂದು ಅಪ್ಪ ಅಮ್ಮ ಇವಳಿಗೆ ಆ ಹೆಸರಿಟ್ಟರು. ಸಾವು ಬಂದು ವಿಚಾರಿಸಿದರೆ, ‘ಮಗು ಎಲ್ಲಿದೆ? ಏನೋ ಒಂದು ಬಿದ್ದಿದೆ ಅಷ್ಟೆ’ ಎನ್ನಬಹುದಲ್ಲ. ಹೀಗೆ ಸಾವಿಗೇ ಟೋಪಿ ಹಾಕಿ ಅರವತ್ತು ದಾಟಿದ ಇವಳು ಲೆಸೋಥೋದ ನಮ್ಮ ಬೆಟ್ಟದೂರಿನ ಆರೋಗ್ಯ ಕಾರ್ಯಕರ್ತೆ. ಬಸುರಿಯರನ್ನು ಕ್ಲಿನಿಕ್ಕಿಗೆ ಅಟ್ಟುವುದು ಅವಳ ಕೆಲಸ.

ಆದರೆ ನಮ್ಮಲ್ಲಿ ಬಸಿರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮೈಗೆ ಹೊದ್ದ ಕಂಬಳಿ ಮೀರಿ ಹೊಟ್ಟೆ ಕಾಣುವವರೆಗೂ ಮುಚ್ಚಿಡಬೇಕು. ಇಲ್ಲವಾದರೆ ಕೆಟ್ಟ ಕಣ್ಣು, ಮಾಟ. ಬಸುರಿಯರ ತಪಾಸಣೆಯ ದಿನವಾದ ಮಂಗಳವಾರ ಕ್ಲಿನಿಕ್ಕಿನ ಹಾದಿ ಹಿಡಿದ ಸೊಸೆ ಸಂಜೆಯೊಳಗೆ ಊರ ಬಾಯಿಗೆ ಬೀಳುತ್ತಾಳೆ. ನನ್ನ ಪಕ್ಕದ ಮನೆಯ ಮಾಪಲೇಸಾ ಹೋದ ವರ್ಷ ಸೊಸೆ ಕರಬೊಳ ಬಸಿರನ್ನು ಹೀಗೇ ಮುಚ್ಚಿಟ್ಟಳು. ಏಳನೇ ತಿಂಗಳಲ್ಲಿ ರಕ್ತದೊತ್ತಡ ಏರಿ, ಫಿಟ್ಸ್ ಬಂದು, ಮಗು ಹೋಯಿತು. ಕರಬೊ ಉಳಿದದ್ದೇ ಹೆಚ್ಚು. ಈಗ ಅವಳಿಗೆ ಮತ್ತೆ ಮೂರು ತಿಂಗಳು.

“ಈ ಸಲ ಇನ್ನೂ ಚೆನ್ನಾಗಿ ಮುಚ್ಚಿಡ್ತೀನಿ,” ಎಂದಳು ಮಾಪಲೇಸಾ. ನನಗೆ ಮೈಯೆಲ್ಲ ಉರಿದುಹೋಯಿತು.

ನ್ತೊಫೇಲಾ ಮಾತ್ರ ನಕ್ಕಳು. “ಮುಚ್ಚಿಡೋಣ ಬಿಡೇ. ಒಂದು ಬಸಿರು ಮುಚ್ಚೋಕೆ ಹತ್ತು ಬಸಿರು ಸಾಕಲ್ವಾ?”

ಮಂಗಳವಾರ ಮುದುಕಿಯರು, ಸೊಸೆಯಂದಿರು ಸೇರಿ ಹನ್ನೊಂದು ಹೆಂಗಸರು ಹೊರಟೆವು. ಎಲ್ಲರ ಕಂಬಳಿಯೊಳಗೂ ಹೊಟ್ಟೆಗೆ ಕಟ್ಟಿದ ಒಂದೊಂದು ಗಂಟು. ಅರವತ್ತೆಂಟರ ನಾನು ಎಲೆಕೋಸು ಕಟ್ಟಿಕೊಂಡಿದ್ದೆ. ಮಾಪಲೇಸಾಳದು ಅವಳ ಜಂಬಕ್ಕೆ ತಕ್ಕ ಕುಂಬಳಕಾಯಿ.

ಬಿಯರ್ ಮನೆಯ ಮುಂದೆ ಕುಡಿಯುತ್ತ ಕೂತಿದ್ದ ಹುಡುಗ ತ್ಲಾಲಿ ನನ್ನ ಹೊಟ್ಟೆ ನೋಡಿ ಎದ್ದು ನಿಂತ. “ಅಜ್ಜೀ, ಇದೇನು, ನಿನಗೂನಾ?”

“ಹೂಂ ಕಣಪ್ಪಾ,” ಎಂದೆ. “ಯಾರದ್ದು ಅಂತ ನಿಮ್ಮ ತಾತನ್ನೇ ಹೋಗಿ ಕೇಳು.”

ಕುಡಿದದ್ದೆಲ್ಲ ಅವನ ಮೂಗಿಗೆ ಬಂತು.

ಕ್ಲಿನಿಕ್ಕಿನಲ್ಲಿ ನರ್ಸಮ್ಮ, “ಬಸುರಿ ಯಾರು?” ಎಂದಳು. ಹನ್ನೊಂದು ಕೈ ಮೇಲೆದ್ದವು. ನ್ತೊಫೇಲಾ ಅವಳ ಕಿವಿಯಲ್ಲಿ ಏನೋ ಉಸುರಿದಳು. ಆಮೇಲೆ ಆಕೆ ನಗು ನುಂಗಿಕೊಂಡು ಒಬ್ಬೊಬ್ಬರನ್ನೇ ಒಳಗೆ ಕರೆದಳು. ಕರಬೊಳ ರಕ್ತದೊತ್ತಡ ಆಗಲೇ ಏರಿತ್ತು, ಮಾತ್ರೆ ಶುರುವಾಯಿತು. ನನ್ನದೂ ಏರಿತ್ತು. ಎಲೆಕೋಸಿನ ಭಾರಕ್ಕೆ ಎಂದೆ, ಆಕೆ ನಂಬಲಿಲ್ಲ.

ಪ್ರತಿ ತಿಂಗಳೂ ನಮ್ಮ ಮೆರವಣಿಗೆ ಹೊರಟಿತು. ನಿಜವಾದ ಬಸುರಿ ಯಾರೆಂದು ಊರು ತಲೆ ಕೆಡಿಸಿಕೊಂಡಿತು. ಕೊನೆಯ ವಾರಗಳಲ್ಲಿ ಕರಬೊ ಕ್ಲಿನಿಕ್ಕಿನ ಪಕ್ಕದಲ್ಲಿ ಹೆರಿಗೆಗೆ ಕಾಯುವ ಬಸುರಿಯರು ತಂಗುವ ಮನೆಯಲ್ಲೇ ಉಳಿದಳು. ಅಲ್ಲಿ ಹೆಣ್ಣು ಮಗು ಹುಟ್ಟಿತು. ಅದರ ಅಳು ಕೇಳಿ ನಾನೂ ಅತ್ತುಬಿಟ್ಟೆ.

ಹೆಸರಿಡುವ ದಿನ ಮಾಪಲೇಸಾ, “ನ್ತೊಫೇಲಾ ಅಂತ ಇಡ್ತೀವಿ,” ಎಂದಳು.

ನಮ್ಮ ನ್ತೊಫೇಲಾ ಸಿಡಿದೆದ್ದಳು. “ಇನ್ನೂ ಹೆದರಿಕೆ ಬಿಟ್ಟಿಲ್ವೇನೇ ನಿಂಗೆ? ಇಷ್ಟು ಚಂದದ ಕೂಸನ್ನ ಬರೀ ವಸ್ತು ಅಂತ ಯಾಕೆ ಕರೀತೀಯ?”

“ವಸ್ತು ಅಂತ ಯಾರಂದ್ರು? ಅದು ನಿನ್ನ ಹೆಸರು ಕಣೇ.”

ಊರಿಗೆಲ್ಲ ಮಾತು ಕಲಿಸುವ ನ್ತೊಫೇಲಾ ಅವತ್ತು ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡಳು.