ಊರ ಹೆಸರಿನವರ ಮೇಜು

ಎರಡು ಸಾವಿರದ ನಾಲ್ಕರ ಚಳಿಗಾಲ, ಶುಕ್ರವಾರ ಬೆಳಿಗ್ಗೆ. ದೋಹಾದ ಬಿನ್ ಮಹಮೂದಿನಲ್ಲಿ, ವಿಟ್ಲದ ಹಮೀದಾಕನ ಕೆಫೆಟೇರಿಯಾದ ಗಾಜಿನ ಬಾಗಿಲಿಗೆ ಬೆನ್ನು ಕೊಟ್ಟು, ಅಪ್ಪನ ಕುರ್ಚಿಯ ಹಿಂದೆ ನಿಂತಿದ್ದೆ. ನನಗೆ ಒಂಬತ್ತು ವರ್ಷ.

ಆಗೆಲ್ಲ ರಜೆಯೆಂದರೆ ಅಲ್ಲಿ ಕನ್ನಡದವರು ಕೂಡುವ ಮೂಲೆಯ ಮೇಜು. ಏಲಕ್ಕಿ ಹಾಕಿ ಕುದಿಸಿದ ಚಹಾ, ಕಾವಲಿಯ ಮೇಲೆ ಪರೋಟದ ವಾಸನೆ, ಸೋಡಾ ಮುಚ್ಚಳಗಳನ್ನು ಚಿಮ್ಮುವ ನನ್ನ ಆಟ. ಅಪ್ಪನ ಇಂಗ್ಲಿಷ್ ಮ್ಯಾನೇಜರ್ ಒಮ್ಮೆ ಬಂದು ಕೂತು, "ನಮ್ಮ ಹಳ್ಳಿಯ ಪಬ್ಬೂ ಹೀಗೇ ಇತ್ತು, ಈಗ ಮುಚ್ಚಿದೆ" ಎಂದಿದ್ದರು. ಆ ಮೇಜಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹೆಸರು, ಹುದ್ದೆ ಆಫೀಸಿಗೆ; ಇಲ್ಲಿ ಊರು. ಅಪ್ಪ ಕಾಪು. ಮರುಭೂಮಿಯಾಚೆಯ ದುಖಾನ್ ಊರಿನ ತೈಲ ಕಂಪನಿಯಿಂದ ಬಸ್ಸು ಹಿಡಿದು ಬರುವವರು ಹುನಗುಂದ.

"ದುಖಾನಿನಲ್ಲಿ ಊಟ ಹಾಕುದಿಲ್ವಾ ಮಾರಾಯ?" ಅವರ ಮೂರನೆಯ ಪರೋಟ ನೋಡಿ ಪುತ್ತೂರಿನವರು ಕೆಣಕಿದರು.

"ಊಟ ಹಾಕ್ತಾರ್ರೀ. ಮಾತು ಹಾಕಂಗಿಲ್ಲ," ಎಂದು ಹುನಗುಂದ ನಕ್ಕು, "ಹೌದಿಲ್ಲ ತಂಗಿ?" ಎಂದು ನನ್ನತ್ತ ತಿರುಗಿದರು. ತಿರುಗಿದವರು ಎದೆ ಹಿಡಿದುಕೊಂಡು ಕೆಳಗೆ ಜಾರಿದರು.

ಆಂಬ್ಯುಲೆನ್ಸಿನವನು ಹಿಂದಿಯಲ್ಲಿ ಹೆಸರು ಕೇಳಿದ. "ಹುನಗುಂದ," ಎಂದರು ಅಪ್ಪ. "ಅದು ಊರಲ್ವಾ ಕಾಪು? ಹೆಸರೆಂತ?" ಎಂದ ಹಮೀದಾಕ. ಯಾರಿಗೂ ಗೊತ್ತಿರಲಿಲ್ಲ. ಜೇಬಿನಲ್ಲಿ ಬಾಚಣಿಗೆ ಮಾತ್ರ ಇತ್ತು. ಜೊತೆಗೆ ಯಾರನ್ನೂ ಹತ್ತಿಸಿಕೊಳ್ಳಲಿಲ್ಲ.

ಅಪ್ಪನೂ ಪುತ್ತೂರಿನವರೂ ಆಸ್ಪತ್ರೆಯ ಕೌಂಟರಿನಿಂದ ಕೌಂಟರಿಗೆ ಅಲೆದರು. ಹುನಗುಂದ ಎಂಬ ಹೆಸರಿನ ರೋಗಿ ಇಲ್ಲ ಎಂದೇ ಉತ್ತರ. ಕಂಪನಿಯವರಿಂದ ವಿಷಯ ತಿಳಿಯುವಾಗ ಎಲ್ಲ ಮುಗಿದಿತ್ತು. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಹುನಗುಂದ ತಮ್ಮ ಹೆಸರು ಸರಿಯಾಗಿಯೇ ಹೇಳಿದ್ದರು: ಬಸಪ್ಪ. ಹಾಗೆಂದೇ ಬರೆದುಕೊಂಡಿದ್ದರು. ಮರುದಿನವೂ ನರ್ಸಿನೊಡನೆ ಏನೇನೋ ಮಾತಾಡಿದರಂತೆ, ಕನ್ನಡದಲ್ಲಿ. ಆ ವಾರ್ಡಿನಲ್ಲಿ ಕನ್ನಡ ತಿಳಿದವರು ಯಾರೂ ಇರಲಿಲ್ಲ.

ಮುಂದಿನ ಶುಕ್ರವಾರ ಎಲ್ಲರೂ ತಮ್ಮ ತಮ್ಮ ಪೂರ್ತಿ ಹೆಸರು, ಕಂಪನಿ ಹೇಳಿಕೊಂಡರು, ಆಫೀಸಿನಲ್ಲಿ ಹೇಳುವ ಹಾಗೆ. ಆಮೇಲೆ ಯಾರೂ ಕೆಣಕಲಿಲ್ಲ. ಒಬ್ಬೊಬ್ಬರೇ ಬರುವುದು ಬಿಟ್ಟರು. ಕೊನೆಗೆ ಆ ಕಟ್ಟಡವನ್ನೂ ಕೆಡವಿದರು.

ನಾನು ಈಗಲೂ ದೋಹಾದಲ್ಲಿಯೇ ಇದ್ದೇನೆ. ಇಲ್ಲಿನ ಕನ್ನಡಿಗರ ಹೆಸರು, ನಂಬರು ನನ್ನ ಮೊಬೈಲಿನಲ್ಲಿ ಬೇಕಾದಷ್ಟಿವೆ. ಶುಕ್ರವಾರ ಹೋಗಿ ಕೂರಲು ಒಂದು ಮೇಜಿಲ್ಲ.

ಅಪ್ಪ ತೀರಿಕೊಂಡರು. ಆ ಶುಕ್ರವಾರ ಆ ಮೇಜಿನ ಬಳಿ ಇದ್ದವರಲ್ಲಿ ಬದುಕಿರುವವರು ನಾನು, ವಿಟ್ಲದಲ್ಲಿ ಹಾಸಿಗೆ ಹಿಡಿದಿರುವ ಅಬ್ದುಲ್ ಹಮೀದ್, ಪುತ್ತೂರಿನ ವಸಂತ ರೈ.